ಕರಿ ಬಿಲ್ಲೆ

ಸಾವಿರದ ಎಂಟುನೂರ ತೊಂಬತ್ತಮೂರನೇ ಇಸವಿಯ ಹತ್ತಿ ಸುಗ್ಗಿಯಲ್ಲಿ ಪ್ರಾಣೇಶ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇಂಗ್ಲಿಷ್ ಕಲಿಸಲು ಬಂದ. ಬಂದ ಅನ್ನುವುದಕ್ಕಿಂತ ಬರಬೇಕಾಯಿತು ಅನ್ನುವುದೇ ಸರಿ. ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲಿ ಮುಗ್ಗರಿಸಿದ್ದ. ಕಲೆಕ್ಟರ್ ಕಚೇರಿಯ ಗುಮಾಸ್ತಿಕೆಗೆ ಅರ್ಜಿ ಬರೆದು ಬರೆದು ಅಕ್ಷರ ಮುತ್ತಿನಂತಾಗಿತ್ತೇ ಹೊರತು ಕೆಲಸ ಮಾತ್ರ ಸಿಕ್ಕಿರಲಿಲ್ಲ. ತಾಯಿ ತುಳಸಮ್ಮ ಅನ್ನ ಬಡಿಸುವಾಗ ಏನೂ ಅನ್ನುತ್ತಿರಲಿಲ್ಲ. ಅನ್ನದೆ ಇರುವುದನ್ನೇ ಎಷ್ಟು ಜೋರಾಗಿ ಮಾಡುತ್ತಿದ್ದರೆಂದರೆ ಪಕ್ಕದ ಮನೆಯವರಿಗೂ ಕೇಳುತ್ತಿತ್ತು.

ಸಿರುಗುಪ್ಪದ ಹತ್ತಿ ವ್ಯಾಪಾರಿ ಪಕ್ಕೀರಪ್ಪನವರಿಗೆ ಇಂಗ್ಲಿಷಿನ ಹುಚ್ಚು ಹಿಡಿದದ್ದು ಒಂದೇ ದಿನದಲ್ಲಿ. ಬಳ್ಳಾರಿಯಲ್ಲಿ ಹತ್ತಿ ಕೊಳ್ಳುವ ಬಿಳಿಯ ದೊರೆಯ ಎದುರು ಅವರು ಕಾಲು ಗಂಟೆ ಮಾತಾಡಿದರಂತೆ. ನಡುವೆ ನಿಂತ ದುಭಾಷಿ ಅದನ್ನು ಮೂರೇ ಮಾತಿನಲ್ಲಿ ಮುಗಿಸಿ ಕೈ ಕಟ್ಟಿ ನಿಂತನಂತೆ. ಉಳಿದ ಮಾತೆಲ್ಲ ಎಲ್ಲಿ ಹೋಯಿತೆಂದು ಪಕ್ಕೀರಪ್ಪನವರಿಗೆ ಊರು ಮುಟ್ಟುವವರೆಗೂ ಹೊಟ್ಟೆಯುರಿ. ಮೊಮ್ಮಗ ಚೆನ್ನವೀರನಿಗೆ ಆಗ ಆರು ತುಂಬಿತ್ತು. ನಡುವೆ ಯಾರೂ ಇಲ್ಲದೆ ಅವನು ದೊರೆಯ ಜೊತೆ ನೇರ ಮಾತಾಡಬೇಕು ಎಂದು ಅವರು ಅಂದೇ ನಿಶ್ಚಯ ಮಾಡಿದರು.

"ಮೇಷ್ಟ್ರ, ಹುಡುಗ್ರು ಮನ್ಯಾಗ ಕನ್ನಡ, ಅಂಗಡ್ಯಾಗ ತೆಲುಗು ಆಡ್ತಾವ. ಈ ಪಡಸಾಲ್ಯಾಗ ಮಾತ್ರ ಇಂಗ್ರೇಜಿ ಬಿಟ್ರ ಬ್ಯಾರೆ ಬರಬಾರದು. ಹೆಂಗ ಮಾಡ್ತೀರೋ, ನಿಮಗ ಬಿಟ್ಟದ್ದು," ಅಂದರು ಮೊದಲ ದಿನ.

ಹೇಗೆ ಮಾಡಬೇಕೆಂದು ಪ್ರಾಣೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಹುಡುಗನಾಗಿದ್ದಾಗ ಕಂಟೋನ್ಮೆಂಟಿನಲ್ಲಿ ಒಬ್ಬ ನಿವೃತ್ತ ಸಾರ್ಜಂಟನ ಹತ್ತಿರ ಓದಿದ್ದ. ಸಾರ್ಜಂಟನದು ಒಂದೇ ಉಪಾಯ, ಕೊರಳಿಗೆ ಕಟ್ಟುವ ಕರಿ ಬಿಲ್ಲೆ. ತರಗತಿಯಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದವನ ಕೊರಳಿಗೆ ಅದು ಬೀಳುತ್ತಿತ್ತು. ಹಾಕಿಕೊಂಡವನು ಕಿವಿ ನಿಮಿರಿಸಿ ಕಾಯಬೇಕು. ಇನ್ನೊಬ್ಬನ ಬಾಯಿಂದ ಕನ್ನಡ ಬಿತ್ತೆಂದರೆ, ತಾನು ತಪ್ಪಿಲ್ಲದ ಒಂದು ಇಂಗ್ಲಿಷ್ ವಾಕ್ಯ ಹೇಳಿ ಬಿಲ್ಲೆಯನ್ನು ಅವನಿಗೆ ದಾಟಿಸಬೇಕು. ಸಂಜೆ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿದೆಯೋ ಅವನ ಅಂಗೈಗೆ ಆರು ಏಟು. ಪ್ರಾಣೇಶ ಬಾಲ್ಯದಲ್ಲಿ ಎಷ್ಟು ಏಟು ತಿಂದಿದ್ದನೋ, ಈಗ ಅಷ್ಟೇ ಹೆಮ್ಮೆಯಿಂದ ಅದನ್ನು ಹೇಳಿಕೊಳ್ಳುತ್ತಿದ್ದ. ತನಗೆ ಇಂಗ್ಲಿಷ್ ಬಂದದ್ದು ಆ ಬಿಲ್ಲೆಯಿಂದಲೇ ಎಂದು ಅವನ ನಂಬಿಕೆ. ಏಟು ತಿಂದವನು ಅದನ್ನು ಉಪಕಾರವೆಂದು ನಂಬಿಬಿಟ್ಟರೆ ಅವನಷ್ಟು ಅಪಾಯದ ಮೇಷ್ಟ್ರು ಬೇರೆ ಯಾರೂ ಇಲ್ಲ.

ಬಡಿಗನ ಹತ್ತಿರ ಅಂಗೈ ಅಗಲದ ಒಂದು ದುಂಡನೆಯ ಮರದ ಬಿಲ್ಲೆ ಮಾಡಿಸಿ, ಬಂಡಿಯ ಗಾಲಿಗೆ ಹಚ್ಚುವ ಎಣ್ಣೆಮಸಿ ಬಳಿದು, ದಾರ ಪೋಣಿಸಿದ. ಓದಲು ಐದು ಮಕ್ಕಳು. ಪಕ್ಕದ ಅಂಗಡಿಯವರ ಇಬ್ಬರು ಗಂಡುಮಕ್ಕಳು, ಶಾನುಭೋಗರ ಮಗ, ಚೆನ್ನವೀರ, ಮತ್ತೆ ಹುಲುಗಿ.

ಹುಲುಗಿ ಅಂದರೆ ಹುಲುಗಮ್ಮ, ಆ ಮನೆಯ ಕೊಟ್ಟಿಗೆ ಕೆಲಸದ ಪಾರಮ್ಮನ ಏಳು ವರ್ಷದ ಮಗಳು. ಅವಳಿಗೆ ಇಂಗ್ಲಿಷ್ ಕಲಿಸಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಹುಲುಗಿ ಇಲ್ಲದಿದ್ದರೆ ಪಾಠಕ್ಕೆ ಕೂರುವುದೇ ಇಲ್ಲವೆಂದು ಚೆನ್ನವೀರ ನೆಲಕ್ಕೆ ಬಿದ್ದು ಹೊರಳಾಡಿದ್ದರಿಂದ ಅವಳಿಗೂ ಒಂದು ಗೋಣಿತಾಟು ಹಾಕಿದ್ದರು, ಅದೂ ಮೆಟ್ಟಿಲ ಹತ್ತಿರ, ಉಳಿದವರಿಂದ ಒಂದು ಮಾರು ದೂರದಲ್ಲಿ. ಪುಸ್ತಕ ಅವಳಿಗೆ ಕೊಟ್ಟಿರಲಿಲ್ಲ. ಚೆನ್ನವೀರನ ಪುಸ್ತಕವನ್ನು ಅವಳು ಆ ಒಂದು ಮಾರಿನಾಚೆಯಿಂದ ತಲೆಕೆಳಗಾಗಿಯೇ ನೋಡುತ್ತಿದ್ದಳು. ಹಾಗೆ ನೋಡಿಯೇ ಎಲ್ಲರಿಗಿಂತ ಮುಂದಿದ್ದಳು. ಪ್ರಾಣೇಶನಿಗೆ ಇದು ಗೊತ್ತಿತ್ತು, ಆದರೆ ಹೊಗಳುವುದು ಹೇಗೆಂದು ತಿಳಿಯದೆ ಅವಳ ತಪ್ಪುಗಳನ್ನು ಹೆಚ್ಚು ಹುಡುಕುತ್ತಿದ್ದ.

ಎರಡು ತಿಂಗಳಲ್ಲಿ ಪಾಠ ಹನ್ನೆರಡಕ್ಕೆ ಬಂತು. "ದಿ ಡಾಲ್ ಈಸ್ ಇನ್ ದಿ ಬಾಕ್ಸ್" ಎಂದು ಮಕ್ಕಳು ಕೂಗಿದರೆ ಅಂಗಳದಲ್ಲಿ ಹತ್ತಿ ಅಂಡಿಗೆ ಕಟ್ಟುವ ಆಳುಗಳು ಕೈ ನಿಲ್ಲಿಸಿ ಕೇಳುತ್ತಿದ್ದರು. ಪಕ್ಕೀರಪ್ಪನವರು ಬಂದವರಿಗೆಲ್ಲ ಮೊಮ್ಮಗನ ಬಾಯಿಂದ ಅದನ್ನು ಹೇಳಿಸಿ, ಅರ್ಥವಾಗದಿದ್ದರೂ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಒಂದು ದಿನ ಪ್ರಾಣೇಶನನ್ನು ಕರೆದು, ಕಲೆಕ್ಟರ್ ಕಚೇರಿಯ ಶಿರಸ್ತೇದಾರರು ತಮಗೆ ಬೇಕಾದವರು, ಅರ್ಜಿ ಬರೆದು ಕೊಟ್ಟರೆ ತಾವು ಒಂದು ಮಾತು ಹೇಳುವುದಾಗಿ ಅಂದರು. ಪ್ರಾಣೇಶನಿಗೆ ಆ ರಾತ್ರಿ ಊಟವೇ ಸೇರಲಿಲ್ಲ, ಅಷ್ಟು ಸಂತೋಷ.

ಅರ್ಜಿ ಬರೆಯಲು ಕೂತದ್ದು ಮರುದಿನ ಮಧ್ಯಾಹ್ನ. ಮೂವರು ಹುಡುಗರು ಉಣ್ಣಲು ತಮ್ಮ ತಮ್ಮ ಮನೆಗೆ ಹೋಗಿದ್ದರು. ಆಳುಗಳು ಬಂಡಿಗಳ ಜೊತೆ ಹೊರಟಿದ್ದರು, ಪಾರಮ್ಮ ಮೇವು ತರಲು ಹೋಗಿದ್ದಳು. ಹೆಂಗಸರು ಹುಲುಗಿ ಕಾಲಿಡಬಾರದ ಒಳಮನೆಯಲ್ಲಿದ್ದರು. ಚೆನ್ನವೀರ ಮತ್ತು ಹುಲುಗಿ ಹಿತ್ತಿಲಲ್ಲಿ ಬುಗುರಿ ಆಡುತ್ತಿದ್ದರು. ಬೆಳಿಗ್ಗೆಯೇ ಕನ್ನಡದಲ್ಲಿ "ಅಯ್ಯೋ" ಅಂದದ್ದಕ್ಕೆ ಬಿಲ್ಲೆ ಹುಲುಗಿಯ ಕೊರಳಿಗೆ ಬಿದ್ದಿತ್ತು. ಹಿಂದಿನ ಸಂಜೆಯೂ ಅದು ಅವಳ ಹತ್ತಿರವೇ ಉಳಿದು, ಅಂಗೈ ಇನ್ನೂ ಬಾತಿತ್ತು. ಊಟದ ಹೊತ್ತಿಗೂ ಕನ್ನಡ ಆಡಕೂಡದೆಂಬ ಹೊಸ ನಿಯಮವನ್ನು ಪ್ರಾಣೇಶ ಆ ವಾರವಷ್ಟೇ ಮಾಡಿದ್ದ. ಸಾರ್ಜಂಟನನ್ನು ಮೀರಿಸುವ ಆಸೆ.

ಅವನು ಅರ್ಜಿಯ ಎರಡನೇ ಸಾಲಿನಲ್ಲಿದ್ದಾಗ ಹುಲುಗಿ ಓಡಿಬಂದಳು.

"ಸರ್," ಅಂದಳು. ಏದುಸಿರು ಬಿಡುತ್ತಿದ್ದಳು. "ಸರ್... ಚೆನ್ನು..."

ಪ್ರಾಣೇಶ ತಲೆಯೆತ್ತಲಿಲ್ಲ. ದೊಡ್ಡ ಅಕ್ಷರ ಬರೆಯುತ್ತಿದ್ದ, ಕೈ ಅಲುಗಿದರೆ ಹಾಳೆ ಕೆಡುತ್ತಿತ್ತು. "ಇನ್ ಇಂಗ್ಲಿಷ್," ಅಂದ.

"ಸರ್, ಚೆನ್ನು ಈಸ್... ಚೆನ್ನು ಈಸ್ ಇನ್..."

"ಯೆಸ್. ಇನ್ ವಾಟ್? ವಾಕ್ಯ ಪೂರ್ತಿ ಮಾಡು."

"ಇನ್ ದಿ... ಇನ್ ದಿ..."

ಮುಂದಿನ ಶಬ್ದ ಅವಳ ಹತ್ತಿರ ಇರಲಿಲ್ಲ. ಕನ್ನಡದಲ್ಲಿ ಅದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಆಡಬಾರದೆಂದು ಎರಡು ತಿಂಗಳಿಂದ ಅಂಗೈಗೆ ಹೊಡೆದು ಕಲಿಸಿದವನು ಎದುರಿಗೇ ಕೂತಿದ್ದ, ಪಕ್ಕದಲ್ಲಿ ಬೆತ್ತವಿತ್ತು. ಅವಳು ಬಾಯಿ ತೆರೆದಳು, ಮುಚ್ಚಿದಳು. ಅವನ ಧೋತರದ ಅಂಚಿನತ್ತ ಕೈ ಚಾಚಿ, ಮುಟ್ಟಬಾರದೆಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮಗುವಿನ ಬಾಯನ್ನು ಮೇಷ್ಟ್ರು ಕಟ್ಟಿದ್ದ, ಕೈಯನ್ನು ಊರು ಕಟ್ಟಿತ್ತು.

"ಬರದಿದ್ದರೆ ಹೋಗಿ ಯೋಚನೆ ಮಾಡಿ ಬಾ," ಅಂದ ಪ್ರಾಣೇಶ, ಬೆತ್ತವನ್ನು ನೆಲಕ್ಕೆ ಒಮ್ಮೆ ಕುಟ್ಟಿ. ಇದನ್ನು ಕನ್ನಡದಲ್ಲೇ ಅಂದ. ಮೇಷ್ಟ್ರಿಗೆ ಬಿಲ್ಲೆ ಇರಲಿಲ್ಲ ನೋಡಿ.

ಅವಳು ಓಡಿಹೋದ ಸಪ್ಪಳ ಕೇಳಿಸಿತು. ಅವನು ಅರ್ಜಿ ಮುಗಿಸಿ ಮರಳು ಉದುರಿಸಿ ಒಣಗಿಸಿದ. ಅಷ್ಟರಲ್ಲಿ ಹಿತ್ತಿಲಿನಿಂದ ಆಗಷ್ಟೇ ಉಂಡು ಬಂದಿದ್ದ, ಎತ್ತು ಹೂಡಿ ನೀರೆತ್ತುವ ಕಪಿಲೆಯ ಚಿನ್ನಪ್ಪನ ಕೂಗು ಕೇಳಿತು.

ಬುಗುರಿ ಬಾವಿಯ ಅಂಚಿಗೆ ಉರುಳಿತ್ತು. ಆ ಬಾವಿಗೆ ಕಟ್ಟೆ ಇರಲಿಲ್ಲ. ಚೆನ್ನವೀರನನ್ನು ಮೇಲೆತ್ತಿದಾಗ ಮುಗಿದುಹೋಗಿತ್ತು. ಹುಲುಗಿ ಬಾವಿಯ ಪಕ್ಕದಲ್ಲಿ ಕಪಿಲೆಯ ಹಗ್ಗದ ತುದಿ ಹಿಡಿದು ನಿಂತಿದ್ದಳು. ಎರಡು ಎತ್ತು ಎಳೆಯುವ ಆ ಹಗ್ಗವನ್ನು ಒಬ್ಬಳೇ ಎಳೆದು ಇಳಿಬಿಡಲು ನೋಡಿದ್ದಳು. ಕೈಯ ಚರ್ಮ ಕಿತ್ತುಬಂದಿತ್ತು.

ಚೆನ್ನವೀರನ ಅಜ್ಜಿ ಅಕ್ಕನಾಗಮ್ಮ ಮುಟ್ಟು ಮೈಲಿಗೆ ಮರೆತು ಅವಳ ಭುಜ ಹಿಡಿದು ಅಲುಗಿಸಿದರು. "ಬಾಯಿ ಸತ್ತಿತ್ತೇನ ನಿನಗ? ಒಂದು ಕೂಗು ಹಾಕಿದ್ರ ನನ್ನ ಕೂಸು ಉಳೀತಿತ್ತಲ್ಲ! ಯಾಕ ಹೇಳಲಿಲ್ಲ? ಯಾರಿಗಾರ ಯಾಕ ಹೇಳಲಿಲ್ಲ?"

ಹುಲುಗಿ ಪ್ರಾಣೇಶನನ್ನು ನೋಡಿದಳು.

ಪಕ್ಕೀರಪ್ಪನವರೂ ತಿರುಗಿ ಅವನನ್ನೇ ನೋಡಿದರು. "ಮೇಷ್ಟ್ರ, ಹುಡುಗಿ ನಿಮ್ಮ ಹಂತ್ಯಾಕ ಬಂದಿತ್ತೇನ್ರಿ?"

"ಇಲ್ಲ," ಅಂದ ಪ್ರಾಣೇಶ. "ನಾನು ಬರೀಲಿಕ್ಕೆ ಕೂತಿದ್ದೆ. ಯಾರೂ ಬರಲಿಲ್ಲ."

ಯೋಚಿಸಿ ಆಡಿದ ಮಾತಲ್ಲ ಅದು. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲಿಲ್ಲ. ಹುಲುಗಿ ಅವನ ಮುಖದಿಂದ ಕಣ್ಣು ತೆಗೆದು ನೆಲ ನೋಡಿದಳು. ಯಾರೂ ಬರಲಿಲ್ಲ ಎಂದು ಮೇಷ್ಟ್ರೇ ಅಂದರೆ ತಾನು ಹೋಗಿರಲೇ ಇಲ್ಲವೇನೋ ಎಂದು ಆ ಮಗು ನಂಬಿದಂತಿತ್ತು. ಅಂದಿನಿಂದ ಅವಳು ಮಾತೇ ಬಿಟ್ಟಳು.

ಊರಿಗೆ ಬಾಯಿ ಬಂತು. ಮೊದಲು ಅವಳು ನೋಡಿಯೂ ಹೇಳಲಿಲ್ಲ ಅಂದರು. ನಾಲ್ಕು ದಿನಕ್ಕೆ ಬುಗುರಿಗಾಗಿ ಜಗಳವಾಡಿರಬೇಕು ಅಂದರು. ಹನ್ನೊಂದನೆಯ ದಿನದ ಹೊತ್ತಿಗೆ ತಳ್ಳಿದವಳೇ ಅವಳು ಎಂದಾಗಿತ್ತು. ತಳ್ಳಿರದಿದ್ದರೆ ಬಾಯಿ ಯಾಕೆ ಬಿಡುತ್ತಿಲ್ಲ? ಪಾರಮ್ಮ ಕೊಟ್ಟಿಗೆಗೆ ಬಂದರೆ ಅಕ್ಕನಾಗಮ್ಮ ಬಾಗಿಲು ಹಾಕಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಪಾರಮ್ಮ ಮಗಳ ಕೈ ಹಿಡಿದು ಕುರುಗೋಡಿನ ತವರಿಗೆ ನಡೆದುಹೋದಳು, ಪಾತ್ರೆ ಪಗಡೆಯನ್ನೂ ಬಿಟ್ಟು.

ಪ್ರಾಣೇಶ ಪಾಠ ನಿಲ್ಲಿಸಲಿಲ್ಲ. ಉಳಿದ ಮೂವರು ಹುಡುಗರಿಗೆ ಹದಿಮೂರು, ಹದಿನಾಲ್ಕು ಎಂದು ಮುಂದುವರಿಸಿದ. ಬಿಲ್ಲೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ, ಅವನಂತೂ ಕೇಳಲಿಲ್ಲ. ಚೆನ್ನವೀರನ ಪುಸ್ತಕವೂ ಕಾಣೆಯಾಗಿತ್ತು. ಪಾಠ ಹತ್ತೊಂಬತ್ತು ಬಂದ ದಿನ ಹಾಳೆ ತಿರುವಿದರೆ ಅಲ್ಲಿ ಒಂದು ಬಾವಿಯ ಚಿತ್ರವಿತ್ತು. ಸುತ್ತ ಕಟ್ಟೆ, ರಾಟೆ, ಕೆಳಗೆ ದೊಡ್ಡ ಅಕ್ಷರದಲ್ಲಿ "ವೆಲ್". ಇನ್ನು ಏಳು ಪಾಠ ಮುಂದೆ ಹೋಗಿದ್ದರೆ ಮಗುವಿಗೆ ಆ ಶಬ್ದ ಸಿಗುತ್ತಿತ್ತು. ಪ್ರಾಣೇಶ ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವುದನ್ನು ಕಲಿತ. ತಲೆಯೆತ್ತಿ ಓಡಿದ್ದರೂ ಹೊತ್ತು ಮೀರಿತ್ತೇನೋ. ಅವಳು ಕನ್ನಡದಲ್ಲಿ ಹೇಳಿಬಿಡಬಹುದಿತ್ತಲ್ಲ. ಇಂಥವನ್ನೆಲ್ಲ ಹಗಲೆಲ್ಲ ಹೇಳಿಕೊಳ್ಳುತ್ತಿದ್ದ. ಒಂದನ್ನೂ ಅವನೇ ನಂಬುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಪಕ್ಕೀರಪ್ಪನವರ ಒಳ್ಳೆಯತನ. ಮೊಮ್ಮಗ ಹೋದ ಮೇಲೆ ಇಂಗ್ಲಿಷನ್ನು ಶಪಿಸಿ ಅವನನ್ನು ಹೊರಗೆ ಹಾಕಿದ್ದರೆ ಅವನಿಗೆ ಉಸಿರಾಡಲು ಅನುಕೂಲವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಕೊಟ್ಟ ಮಾತಿನಂತೆ ಶಿರಸ್ತೇದಾರರಿಗೆ ಹೇಳಿದರು. ಯುಗಾದಿ ಕಳೆದು ಎಂಟು ದಿನಕ್ಕೆ ಕಲೆಕ್ಟರ್ ಕಚೇರಿಯಿಂದ ಗುಮಾಸ್ತಿಕೆಯ ಹುಕುಂ ಬಂತು.

"ನನ್ನ ಕೂಸು ನಿಮ್ಮ ಕೈಯಾಗ ನಾಕು ಮಾತು ಕಲ್ತಿತ್ತು," ಅಂದರು ಪಕ್ಕೀರಪ್ಪನವರು, ಬಂಡಿ ಹತ್ತುವಾಗ. "ಅದರ ಋಣ ಅನ್ಕೋರಿ. ನೀವರ ಚಂದಾಗಿ ಇರ್ರಿ."

ಪ್ರಾಣೇಶ ಬಗ್ಗಿ ನಮಸ್ಕಾರ ಮಾಡಿದ. ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು.

ಬಂಡಿ ಹೊಡೆಯಲು ಬಂದವನು ಚಿನ್ನಪ್ಪನೇ. ಸಿರಿಗೇರಿಯಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಹೊರಟರು. ಕುರುಗೋಡಿನ ಗುಡ್ಡ ಕಂಡಾಗ ಪ್ರಾಣೇಶ ಬಂಡಿಯ ತಟ್ಟಿಗೆ ಒರಗಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ನಿಲ್ಲಿಸದೆ ದಾಟಿಬಿಟ್ಟರೆ ಸಂಜೆಗೆ ಕೊಳಗಲ್ಲು, ಕತ್ತಲಾಗುವುದರೊಳಗೆ ಬಳ್ಳಾರಿ; ತಾಯಿಯ ಕೈಯಲ್ಲಿ ಹುಕುಂ ಇಟ್ಟು ಕಾಲಿಗೆ ಬೀಳಬಹುದು. ಆದರೆ ಬಂಡಿ ನಿಂತಿತು.

"ರಾಯರ, ಒಂದೀಟು ಕುಂದರ್ರಿ. ಪಾರಮ್ಮನ ಭಾಂಡೆ ಸಾಮಾನು ತಂದೀನಿ, ಕೊಟ್ಟು ಬರ್ತೀನಿ. ಹಾಂ, ಇಲ್ಲೇ ಐತಿ ಮನಿ," ಅಂದ ಚಿನ್ನಪ್ಪ.

ಕುಳಿತೇ ಇರಬಹುದಿತ್ತು. ಪಾರಮ್ಮ ಬಾಗಿಲಿಗೆ ಬಂದವಳು ಬಂಡಿಯೊಳಗೆ ಯಾರಿದ್ದಾರೆಂದು ನೋಡಿಬಿಟ್ಟಳು.

"ಅಯ್ಯ! ಮೇಷ್ಟ್ರು ಬಂದಾರ!" ಓಡಿಬಂದು ಬಂಡಿಯ ಪಕ್ಕ ನಿಂತಳು. ಮುಖದ ತುಂಬ ನಗು. ಅವನು ಮಗಳನ್ನು ನೋಡಲೆಂದೇ ಬಂದಿದ್ದಾನೆಂದು ಅವಳು ತಿಳಿದಿದ್ದಳು. "ಊರಾಗ ಎಲ್ರೂ ನನ್ನ ಕೂಸಿನ ಮ್ಯಾಲ ಮಾತಾಡಿದ್ರು. ನೀವೊಬ್ರರ ಒಂದು ಮಾತು ಆಡಲಿಲ್ಲ ನೋಡ್ರಿ. ದೇವ್ರು ನಿಮ್ಮನ್ನ ತಣ್ಣಗ ಇಟ್ಟಿರಲಿ."

ಪ್ರಾಣೇಶ ಬಂಡಿಯಿಂದ ಇಳಿದ. ಇಳಿಯದೆ ಗತಿಯಿರಲಿಲ್ಲ.

"ಹುಡುಗಿ ಹೆಂಗಿದ್ದಾಳ?"

"ಏನ್ ಹೇಳಲ್ರಿ. ನನ್ನ ಜೋಡಿ ಸುದ್ದಾ ಮಾತಿಲ್ಲ. ಆ ತೀರಿಹೋದ ಕೂಸಿನ ಪುಸ್ತಕ ಅಕ್ಕನಾಗಮ್ಮ ದೊಡ್ಡವ್ವಾರು ತಿಪ್ಪಿಗಿ ಒಗದಿದ್ರು, ಅದನ್ನ ಆರಿಸ್ಕಂಡು ಬಂದೈತಿ. ಮೂರು ಹೊತ್ತೂ ಅದ ಹಿಡ್ಕಂಡು ಕುಂದರತೈತಿ. ಮೊನ್ನೆ ಪಾದ್ರಿ ಕಡೆಯಾಂವ ಪುಸ್ತಕ ಮಾರಾಕ ಬಂದಿದ್ದ. ಅವಗ ಹಾಳಿ ತೆಗದು ಬಟ್ಟು ಇಟ್ಟು ತೋರಿಸಿ, ಅಂವ ಅಂದದ್ದನ್ನ ನಾಕು ಸಲ ಕೇಳಿಸ್ಕಂತು. ಎದಕ್ಕಂತ ತಿಳೀವಲ್ದು."

ಹುಲುಗಿ ಮನೆಯ ಮಗ್ಗುಲಿನ ಬೇವಿನ ಮರದ ಕೆಳಗೆ ಕೂತಿದ್ದಳು. ಬಡವಾಗಿದ್ದಳು. ಅವನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುತ್ತಿದ್ದಂತೆ ಕೈ ಪಕ್ಕಕ್ಕೆ ಬಿಟ್ಟು. ಪುಸ್ತಕ ಕೆಳಗೆ ತೆರೆದು ಬಿದ್ದಿತ್ತು. ಬಾವಿಯ ಚಿತ್ರದ ಹಾಳೆ ಬೆರಳಾಡಿಸಿ ಆಡಿಸಿ ಕಪ್ಪಾಗಿತ್ತು.

ಪ್ರಾಣೇಶನಿಗೆ ಏನಾದರೂ ಆಡಬೇಕಾಗಿತ್ತು. "ಆರಾಮಿದ್ದೀಯೇನವ್ವಾ, ಹುಲುಗಿ?" ಅಂದ.

ಅವಳು ಅವನ ಬಾಯಿಯನ್ನೇ ನೋಡಿದಳು. ಒಮ್ಮೆ ಉಸಿರು ಎಳೆದುಕೊಂಡಳು. ಆಮೇಲೆ ನಿಧಾನವಾಗಿ, ಒಂದು ಶಬ್ದವೂ ಎಡವದೆ ಹೇಳಿದಳು:

"ಸರ್, ಚೆನ್ನು ಈಸ್ ಇನ್ ದಿ ವೆಲ್."

ಸರ್, ಚೆನ್ನು ಬಾವಿಯೊಳಗಿದ್ದಾನೆ. ಯೋಚನೆ ಮಾಡಿ ಬಾ ಎಂದು ಅವನು ಕಳಿಸಿದ್ದ. ಮೂರು ತಿಂಗಳು ಯೋಚನೆ ಮಾಡಿ, ವಾಕ್ಯ ಪೂರ್ತಿ ಮಾಡಿಕೊಂಡು ಬಂದಿದ್ದಳು.

ಪಾರಮ್ಮ ಕುಣಿದಾಡಿದಳು. "ಮಾತಾಡ್ತು! ಚಿನ್ನಪ್ಪಣ್ಣ, ಮಾತಾಡ್ತು ನೋಡ! ಏನಂತ್ರಿ ಮೇಷ್ಟ್ರ? ಏನಂತು?"

ಅಷ್ಟರಲ್ಲಿ ಹುಲುಗಿ ಕುಪ್ಪಸದ ಒಳಗಿನಿಂದ ದಾರ ಹಿಡಿದು ಏನನ್ನೋ ಹೊರಗೆಳೆಯುತ್ತಿದ್ದಳು. ಬಿಲ್ಲೆ. ಅಂದಿನಿಂದ ಅವಳ ಕೊರಳಲ್ಲೇ ಇತ್ತು. ತೆಗೆ ಎಂದು ಯಾರೂ ಹೇಳಿರಲಿಲ್ಲ, ಗಂಟೆಯೂ ಹೊಡೆದಿರಲಿಲ್ಲ. ಮಸಿ ಹೋಗಿ ಎದೆಯ ಮೇಲೆ ಒಂದು ಕಲೆಯಾಗಿತ್ತು. ಅದನ್ನು ತಲೆಯ ಮೇಲಿಂದ ತೆಗೆದು ಎರಡು ಕೈಯಲ್ಲೂ ಹಿಡಿದು ಅವನ ಮುಂದೆ ಚಾಚಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಸೇಡಂತೂ ಇರಲೇ ಇಲ್ಲ. ಅವನು ಕನ್ನಡ ಆಡಿದ್ದ, ಅವಳು ತಪ್ಪಿಲ್ಲದ ವಾಕ್ಯ ಹೇಳಿದ್ದಳು. ಅವನು ಕಲಿಸಿದ ನಿಯಮ ಅಷ್ಟೇ.

ಪ್ರಾಣೇಶ ಮಗುವಿನ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿದ. ಧೋತರ ಮಣ್ಣಾಯಿತು. ತಲೆ ಬಗ್ಗಿಸಿದ. ಅವಳು ಮುಟ್ಟಬಹುದೋ ಬಾರದೋ ಎಂದು ತಡೆದಾಗ, ಅವಳ ಎರಡೂ ಕೈ ಹಿಡಿದುಕೊಂಡು ತಾನೇ ತನ್ನ ಕೊರಳಿಗೆ ಬಿಲ್ಲೆ ಹಾಕಿಸಿಕೊಂಡ. ಅವಳ ಅಂಗೈಯಲ್ಲಿ ಹಗ್ಗದ ಗಾಯ ಮಾಗಿ ಗಟ್ಟಿಯಾಗಿತ್ತು.

"ಬಿಸಿಲು ಏರತೈತಿ, ಹೋಗೂನ್ರಿ ರಾಯರ," ಅಂದ ಚಿನ್ನಪ್ಪ, ಏನೂ ಅರ್ಥವಾಗದೆ.

"ಬಂಡಿ ತಿರುಗಿಸು."

"ಬಳ್ಳಾರಿ ಈ ಕಡಿ ಐತ್ರಿ."

"ಗೊತ್ತು. ಸಿರುಗುಪ್ಪಕ್ಕೆ ಹೊಡಿ." ಆಮೇಲೆ ಪಾರಮ್ಮನ ಕಡೆ ತಿರುಗಿ, "ನನ್ನನ್ನ ಹರಸಬ್ಯಾಡಮ್ಮ. ನಿನ್ನ ಮಗಳು ಅವತ್ತು ನನ್ನ ಹತ್ರ ಓಡಿ ಬಂದಿದ್ಲು. ನಾನು ಕೇಳಲಿಲ್ಲ," ಅಂದ. ಪಾರಮ್ಮನ ಮುಖದಿಂದ ನಗು ಹೋಗುವುದನ್ನು ನಿಂತು ಪೂರ್ತಿ ನೋಡಿ, ಬಂಡಿ ಹತ್ತಿದ.

ಸಿರುಗುಪ್ಪ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಅಂಗಳದಲ್ಲಿ ಆಳುಗಳಿದ್ದರು. ಪಕ್ಕೀರಪ್ಪನವರು ಅದೇ ಪಡಸಾಲೆಯಲ್ಲಿ ಕೂತಿದ್ದರು. ಹೋದ ಮೇಷ್ಟ್ರು ತಿರುಗಿ ಬಂದದ್ದು ಕಂಡು ಎದ್ದರು.

"ಏನ್ರಿ, ಏನಾರ ಮರತೀರೇನು? ಕೊರಳಾಗ ಏನದು?"

ಪ್ರಾಣೇಶ ಬಾಯಿ ತೆರೆದ. ಮುಚ್ಚಿದ. ಶಬ್ದಗಳೆಲ್ಲ ಇದ್ದವು, ಕನ್ನಡದವೂ ಇಂಗ್ಲಿಷಿನವೂ. ಬೆತ್ತ ಹಿಡಿದು ಎದುರು ಕೂತವರು ಯಾರೂ ಇರಲಿಲ್ಲ. ಆದರೂ ಮೆಟ್ಟಿಲ ಹತ್ತಿರ, ಆ ಮಗು ನಿಂತ ಜಾಗದಲ್ಲೇ, ಅವಳಂತೆಯೇ ನಿಂತಿದ್ದ. ಆಮೇಲೆ ಹೇಗೋ ಹೇಳಿದ. ಬಿಲ್ಲೆಯ ನಿಯಮ ಹೇಳಿದ, ಬೆತ್ತ ಹೇಳಿದ, ತಲೆಯೆತ್ತದೆ ಬರೆಯುತ್ತಿದ್ದ ಅರ್ಜಿ ಹೇಳಿದ. "ಯಾರೂ ಬರಲಿಲ್ಲ ಅಂತ ನಾನು ಸುಳ್ಳು ಹೇಳಿದೆ. ಹುಡುಗಿ ಬಂದಿದ್ಲು. ಮೂರು ಸಲ ಹೇಳ್ಲಿಕ್ಕೆ ನೋಡಿದ್ಲು." ಕಿಸೆಯಿಂದ ಹುಕುಂ ತೆಗೆದು ಅವರ ಕಾಲ ಹತ್ತಿರ ಇಟ್ಟ.

ಪಕ್ಕೀರಪ್ಪನವರು ಕಾಗದವನ್ನು ನೋಡಲೇ ಇಲ್ಲ. ಹೊಡೆಯುತ್ತಾರೆಂದು ಅವನು ಕಾದ, ಹೊಡೆಯಲಿ ಎಂದೇ ಬಯಸಿದ. ಅವರು ಹೊಡೆಯಲಿಲ್ಲ. ಕಂಬ ಹಿಡಿದುಕೊಂಡರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಅಕ್ಕನಾಗಮ್ಮ ಬಾಗಿಲಿಗೆ ಬಂದರು. ಪಕ್ಕೀರಪ್ಪನವರು ಅಂಗಳದ ಆಳುಗಳನ್ನೂ ಪಕ್ಕದ ಅಂಗಡಿಯವರನ್ನೂ ಕೈ ಮಾಡಿ ಕರೆದರು. ಒಬ್ಬೊಬ್ಬರಾಗಿ ಬಂದು ಮೆಟ್ಟಿಲ ಸುತ್ತ ನಿಂತರು.

"ಇನ್ನೊಮ್ಮೆ ಹೇಳ್ರಿ ಮೇಷ್ಟ್ರ," ಅಂದರು ಪಕ್ಕೀರಪ್ಪನವರು. "ಆ ಹೆಣ್ಣು ಕೂಸಿಗಿ ತಳ್ಳಿದಾಕಿ ಅಂದವ್ರು ಎಲ್ರೂ ಬಂದಾರ. ಎಲ್ರಿಗೂ ತಿಳಿಯಂಗ, ಕನ್ನಡದಾಗ ಹೇಳ್ರಿ."